ಸಣ್ಣಮಾದಯ್ಯ ಎರಡು ಸಲ ಬರುತ್ತಿದ್ದ

ಆಶ್ವಯುಜ ಬಹುಳ ದಶಮಿಯ ಬೆಳಿಗ್ಗೆ ಹತ್ತು ಗಂಟೆಗೆ, ಮೈಸೂರಿನ ಚಾಮರಾಜಪುರದ ಸಿದ್ದಮಲ್ಲಪ್ಪನವರು ತೀರಿಕೊಂಡ ಮನುಷ್ಯನೊಬ್ಬನನ್ನು ಫೋನಿನಲ್ಲಿ ಮೂರು ನಿಮಿಷ ಬಿಡದೆ ಬೈದರು. ಅವನು ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ.

ಆ ಬೈಗುಳವನ್ನು ಅವರು ಎರಡು ದಿನಗಳಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದರು. ಮಠದ ವಿದ್ಯಾರ್ಥಿನಿಲಯದಲ್ಲಿ ಮೂವತ್ತೆರಡು ವರ್ಷ ವಾರ್ಡನ್ ಆಗಿದ್ದು ನಿವೃತ್ತರಾದವರು. ಬೈಗುಳಕ್ಕೂ ಆದಿ, ಮಧ್ಯ, ಅಂತ್ಯ ಇರಬೇಕೆಂಬುದು ಅವರ ಮತ. ನಿಜ ಹೇಳಬೇಕೆಂದರೆ, ಒಂದು ವರ್ಷದಿಂದ ಮುರಿದುಬಿದ್ದಿದ್ದ ಮಾತನ್ನು ಮತ್ತೆ ಕೂಡಿಸಲು ಅವರಿಗೆ ಗೊತ್ತಿದ್ದ ದಾರಿಯೂ ಅದೊಂದೇ. ‘ತಪ್ಪಾಯಿತು’ ಎಂಬ ಶಬ್ದ ಅವರ ಎದೆಯಲ್ಲಿ ಹುಟ್ಟಿದ್ದುಂಟು. ನಾಲಿಗೆಯ ತನಕ ಬಂದದ್ದನ್ನು ಅವರ ಹೆಂಡತಿಯೂ ಕಂಡವರಲ್ಲ.

"ಏನಯ್ಯಾ ಸಣ್ಣಮಾದಯ್ಯ, ದೊಡ್ಡ ಮನುಷ್ಯ ಆಗ್ಬುಟ್ಟೆಯಾ? ಒಂದು ಮಾತಂದ್ರೆ ಒಂದು ವರ್ಷ ಮುನಿಸ್ಕೊಳೋದೇನಯ್ಯಾ? ದಿನಾ ಅರವತ್ತು ಹುಡುಗರನ್ನ ಬೈದಿದೀನಿ ನಾನು, ಒಬ್ಬನೂ ಒಂದು ಹೊತ್ತಿನ ಊಟ ಬಿಟ್ಟಿಲ್ಲ. ಇಲ್ಲಿ ಗೀಸರ್ ಟಿಕ್ ಟಿಕ್ ಅಂತದೆ, ಹತ್ಕೊಳಲ್ಲ. ಹತ್ಕೊಂಡ್ರೆ ಬುಸ್ ಅಂತ ಹೆಡೆ ಎತ್ತುತ್ತೆ. ನೀರು ತುಂಬೋ ಹಬ್ಬಕ್ಕೆ ಇನ್ನು ಮೂರೇ ದಿನ. ಬರ್ತೀಯೋ, ಇಲ್ಲ ಉದಯಗಿರಿಗೆ ನಾನೇ ಬಂದು ಕಿವಿ ಹಿಡ್ಕೊಂಡು ಎಳ್ಕೊಂಬರಲೋ? ಬಾಯಿ ಬಿಡೋ! ಬದುಕಿದೀಯೋ, ಸತ್ತಿದೀಯೋ?"

ಆ ಕಡೆಯಿಂದ ಹೆಣ್ಣುಮಗಳೊಬ್ಬಳ ದನಿ ಬಂತು.

"ಅಪ್ಪ ಇಲ್ಲ ಸಾರ್."

"ಇಲ್ಲ ಅಂದ್ರೆ? ಯಾವಾಗ ಬರ್ತಾನೆ?"

"ಬರಲ್ಲ ಸಾರ್. ತೀರ್ಕೊಂಡ್ರು. ಗೌರಿ ಹಬ್ಬ ಆಗಿ ಒಂದು ವಾರಕ್ಕೆ. ಎದೆ ನೋವು ಅಂದ್ರು, ಆಟೋಲಿ ಕರ್ಕೊಂಡೋದ್ವಿ. ಆಸ್ಪತ್ರೆ ಗೇಟ್ ತನಕ ಮಾತಾಡ್ತಾನೇ ಇದ್ರು."

ಸಿದ್ದಮಲ್ಲಪ್ಪನವರು ಕುರ್ಚಿ ಎಳೆದುಕೊಂಡು ಕುಳಿತರು. ಹುಡುಗಿಯೇ ಮರ್ಯಾದೆಯಿಂದ ಮಾತು ಮುಂದುವರಿಸಿದಳು.

"ನೀವು ಚಾಮರಾಜಪುರದ ವಾರ್ಡನ್ ಸಾರ್ ಅಲ್ವಾ? ನಾನು ಅನುಪಮಾ, ಅವರ ಮಗಳು. ಬೈಗುಳದಲ್ಲೇ ಗೊತ್ತಾಯ್ತು ಸಾರ್. ಅಪ್ಪ ಮನೇಲಿ ನಿಮ್ಮ ಥರಾನೇ ಬೈದು ತೋರಿಸ್ತಿದ್ರು."

ಶಾಂತಾದೇವಿಯವರು ಸೊಪ್ಪು ಬಿಡಿಸುತ್ತಿದ್ದ ಮೊರವನ್ನು ಹಿಡಿದೇ ಹಜಾರಕ್ಕೆ ಬಂದಾಗ ಗಂಡ ಕುರ್ಚಿಯಲ್ಲಿ ಕುಳಿತು ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ವಿಷಯ ತಿಳಿದು ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಕಣ್ಣೊರೆಸಿಕೊಂಡ ಮೇಲೆ, ನಲವತ್ತಾರು ವರ್ಷ ಸಂಸಾರ ಮಾಡಿದ ಅನುಭವದಿಂದ ಕೇಳಿದರು: "ನೀವೇನಂದ್ರಿ?"

"ಬದುಕಿದೀಯೋ ಸತ್ತಿದೀಯೋ ಅಂದೆ."

"ಶಿವ ಶಿವಾ! ಹೋದ ವರ್ಷದ ಮಾತು ಸಾಲದು ಅಂತ ಇದೂ ಒಂದಾ?"

ಹೋದ ವರ್ಷದ ಮಾತೇನೆಂದು ಹೇಳಬೇಕಾದರೆ ಆ ಮನೆಯ ಬಚ್ಚಲಿನ ಚರಿತ್ರೆಯನ್ನೇ ಹೇಳಬೇಕು.

ಮೊದಲು ಅಲ್ಲಿ ತಾಮ್ರದ ಹಂಡೆಯಿತ್ತು. ಸಿದ್ದಮಲ್ಲಪ್ಪನವರ ತಾಯಿ ಪಾರ್ವತಮ್ಮನವರು ತವರಿನಿಂದ ತಂದದ್ದು. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದ ದಿನ, ಆ ತಾಯಿ ಹಂಡೆಗೆ ಹುಣಸೆಹಣ್ಣು ಹಚ್ಚಿ ಮುಖ ಕಾಣುವಂತೆ ಬೆಳಗುವರು. ಅದಕ್ಕೆ ಮೂರೆಳೆ ವಿಭೂತಿ ಬಳಿದು, ಕತ್ತಿಗೆ ಕಾಯಿ ಸಮೇತ ಹಾಗಲ ಬಳ್ಳಿ ಸುತ್ತಿ, ಚೆಂಡುಹೂವಿನ ಹಾರ ಹಾಕಿ, ಹೊಸ ನೀರು ತುಂಬಿ ಆರತಿ ಎತ್ತುವರು. ಮಾರನೆಯ ಬೆಳಗಿನ ಜಾವ ಅದೇ ನೀರಿನಲ್ಲಿ ಮನೆಮಂದಿಗೆಲ್ಲ ಎಣ್ಣೆಸ್ನಾನ. ತಾಯಿ ಹೋದ ಮೇಲೆ ಆ ಪೂಜೆಯನ್ನು ಸಿದ್ದಮಲ್ಲಪ್ಪನವರೇ ವಹಿಸಿಕೊಂಡರು. ಆದರೆ ಕಾಲ ನಿಲ್ಲುತ್ತದೆಯೇ? ಸೌದೆ ಡಿಪೋ ಮುಚ್ಚಿತು. ಹೊಗೆ ಕುಡಿದು ಶಾಂತಾದೇವಿಯವರ ಕಣ್ಣು ಕೆಂಡವಾಯಿತು. ಹದಿಮೂರು ವರ್ಷಗಳ ಹಿಂದೆ ಹಂಡೆ ಅಟ್ಟ ಸೇರಿತು. ಬಚ್ಚಲಿನ ಗೋಡೆಗೆ ಬಿಳೀ ಡಬ್ಬಿಯಂಥ ಗ್ಯಾಸ್ ಗೀಸರ್ ಬಂತು. ತಂದು ಕೂರಿಸಿದವನು ಸಣ್ಣಮಾದಯ್ಯ. ಉದಯಗಿರಿಯಲ್ಲಿ ಗ್ಯಾಸ್ ಒಲೆ, ಗೀಸರ್ ರಿಪೇರಿಯ ಪುಟ್ಟ ಅಂಗಡಿ ಅವನದು, ಮನೆ ರಾಜೀವನಗರದಲ್ಲಿ.

ಹಂಡೆ ಹೋದರೂ ಪೂಜೆ ನಿಲ್ಲಲಿಲ್ಲ. ಆ ವರ್ಷದಿಂದ ಸಿದ್ದಮಲ್ಲಪ್ಪನವರು ಗೀಸರಿಗೇ ಮೂರೆಳೆ ವಿಭೂತಿ ಬಳಿದರು, ಅದರ ನೆತ್ತಿಯ ಮೇಲೆ ಹಾಗಲ ಬಳ್ಳಿ ಹಬ್ಬಿಸಿದರು, ಎರಡು ಮೊಳದ ಚೆಂಡುಹೂವಿನ ಹಾರ ಹಾಕಿದರು, ತಟ್ಟೆಯಲ್ಲಿ ಕರ್ಪೂರ ಹಚ್ಚಿ ಬೆಳಗಿದರು. ಹಾಗೆ ಅಲಂಕರಿಸಿಕೊಂಡು ಗೀಸರು ಮದುವೆಯ ಗಂಡಿನಂತೆ ನಿಂತಿರುತ್ತಿತ್ತು.

ಪ್ರತಿ ವರ್ಷ ಹಬ್ಬಕ್ಕೆ ಮೂರು ದಿನ ಮುಂಚೆ ಸಣ್ಣಮಾದಯ್ಯ ಬಂದು ಸರ್ವಿಸ್ ಮಾಡುತ್ತಿದ್ದ. ಎರಡು ದಪ್ಪ ಬ್ಯಾಟರಿ ಬದಲಾಯಿಸುವನು. ಮುಚ್ಚಳ ಬಿಚ್ಚಿ ಬೋರಲಾಗಿ ಇಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬರ್ನರಿನ ಸಾಲುಗಳನ್ನು ಉಜ್ಜುವನು. ಕೊಳವೆಯಲ್ಲಿ ಕಟ್ಟಿದ ಉಪ್ಪನ್ನು ಕರಗಿಸಿ ಬಸಿಯುವನು. ಗ್ಯಾಸ್ ಟ್ಯೂಬಿನ ಉದ್ದಕ್ಕೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಹುಬ್ಬಿಗೆ ಕೈಯಿಟ್ಟು ನೋಡುವನು. ಕೊನೆಗೆ ಹೊತ್ತಿಸಿ, "ಯಜಮಾನ್ರೇ, ಉರಿ ನೋಡಿ. ನೀಲಿ ಬಂತು" ಎನ್ನುವನು. ಅದನ್ನು ಹೇಳುವಾಗ ಅವನ ಮುಖ, ಮಗು ಮೊದಲನೇ ಹೆಜ್ಜೆ ಇಟ್ಟದ್ದನ್ನು ತೋರಿಸುವ ತಂದೆಯ ಮುಖದ ಹಾಗಿರುತ್ತಿತ್ತು.

ಹಬ್ಬ ಆಗುತ್ತಿತ್ತು. ಬಲಿಪಾಡ್ಯಮಿ ಕಳೆಯುವಷ್ಟರಲ್ಲಿ ಗೀಸರು ಕೆಮ್ಮತೊಡಗುತ್ತಿತ್ತು. ನೀಲಿ ಉರಿ ಹಳದಿಯಾಗುವುದು, ಮಸಿ ಉಗುಳುವುದು, ಮೈಗೆ ಸೋಪು ಹಚ್ಚಿಕೊಂಡ ಹೊತ್ತು ನೋಡಿ ಆರುವುದು. ಮತ್ತೆ ಫೋನು. ಸಣ್ಣಮಾದಯ್ಯ ಮತ್ತೆ ಬರುವನು. ಈ ಎರಡನೇ ಸಲ ಮಾತ್ರ, "ಒಸಿ ಆಚೆ ನಿಂತ್ಕೊಳಿ ಯಜಮಾನ್ರೇ, ಗ್ಯಾಸು" ಎಂದು ಬಚ್ಚಲಿನ ಬಾಗಿಲು ಹಾಕಿಕೊಳ್ಳುವನು. ಹತ್ತು ನಿಮಿಷಕ್ಕೆ ಹೊರಬಂದು, ಒರೆಸುವ ಬಟ್ಟೆಯಲ್ಲಿ ಏನನ್ನೋ ಗಂಟು ಕಟ್ಟಿ ಚೀಲಕ್ಕೆ ಹಾಕುವನು.

"ಏನಾಗಿತ್ತೋ?"

"ಏನಿಲ್ಲ ಬುಡಿ, ಹಲ್ಲಿ."

ಮರುವರ್ಷವೂ ಹಲ್ಲಿ, ಅದರ ಮುಂದಿನ ವರ್ಷ ಜೇಡ, ಆಮೇಲೆ ಮತ್ತೆ ಹಲ್ಲಿ. ಮೈಸೂರಿನ ಹಲ್ಲಿಗಳಿಗೆಲ್ಲ ಬಲಿಪಾಡ್ಯಮಿಯ ದಿನ ತಮ್ಮ ಬಚ್ಚಲಿಗೇ ಬಂದು ಪ್ರಾಣ ಬಿಡುವ ಹರಕೆಯೇನಾದರೂ ಇದೆಯೇ ಎಂದು ಸಿದ್ದಮಲ್ಲಪ್ಪನವರು ಯೋಚಿಸಿದರು. ಹಬ್ಬಕ್ಕೆ ಮುಂಚೆ ರಿಪೇರಿ, ಹಬ್ಬ ಆದಮೇಲೆ ರಿಪೇರಿ. ಹುಡುಗರ ಟ್ರಂಕಿನಲ್ಲಿ ಬೀಡಿ ಹುಡುಕಿ ತೆಗೆದ ಬುದ್ಧಿ ಅವರದು. ಸಂಶಯ ಅಲ್ಲಿ ಸುಲಭವಾಗಿ ಬೇರುಬಿಟ್ಟಿತು. ಹೋದ ವರ್ಷ ಹಲ್ಲಿಯ ಮಾತು ಬಂದ ಕೂಡಲೇ ಅವರು ಸಿಡಿದರು: "ಹಲ್ಲಿಯೂ ಇಲ್ಲ, ಜೇಡವೂ ಇಲ್ಲ. ಎರಡನೇ ಸಲ ಕರೀಲಿ ಅಂತ ನೀನೇ ಏನೋ ಇಟ್ಟು ಹೋಗ್ತೀಯ. ನಿನ್ನ ಕೈಯಲ್ಲಿ ಮೋಸ ಇದೆ ಕಣೋ."

ಸಣ್ಣಮಾದಯ್ಯ ಚೀಲದ ಬಾಯಿ ಕಟ್ಟುತ್ತಿದ್ದವನು ತಲೆ ಎತ್ತಿ ನೋಡಿದ. "ಹಂಗಾ ಯಜಮಾನ್ರೇ?" ಎಂದು ಸ್ವಲ್ಪ ನಕ್ಕ. ಹೊರಟುಹೋದ. ಶಾಂತಾದೇವಿಯವರು ಕೊಟ್ಟಿದ್ದ ಕಾಫಿ ಬಚ್ಚಲಿನ ಕಟ್ಟೆಯ ಮೇಲೆ ಹಾಗೇ ಕೆನೆಗಟ್ಟಿತು. ಹದಿಮೂರು ವರ್ಷದಲ್ಲಿ ಅವನು ಕುಡಿಯದೆ ಹೋದ ಕಾಫಿ ಅದೊಂದೇ.

ಈಗ ಆ ಮಾತನ್ನು ಹಿಂದಕ್ಕೆ ಪಡೆಯೋಣವೆಂದರೆ ಕೊಟ್ಟವರಿದ್ದಾರೆ, ತೆಗೆದುಕೊಂಡವನು ಇಲ್ಲ.

ಸುದ್ದಿ ತಿಳಿದ ಮಾರನೆಯ ಬೆಳಿಗ್ಗೆ ಸಿದ್ದಮಲ್ಲಪ್ಪನವರು ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಪೂಜೆಗೆ ಕುಳಿತರು. ದೃಷ್ಟಿ ನಿಲ್ಲಲಿಲ್ಲ. ಲಿಂಗದ ಜಾಗದಲ್ಲಿ ಸಣ್ಣಮಾದಯ್ಯನ ಮುಖ ಬಂತು, "ಹಂಗಾ ಯಜಮಾನ್ರೇ?" ಎಂದಿತು. ಕಣ್ಣು ಮುಚ್ಚಿ ತೆರೆದರು. ಮತ್ತೆ ಅದೇ. ಎಂಟನೇ ವಯಸ್ಸಿನಿಂದ ಒಂದು ದಿನವೂ ತಪ್ಪದ ಪೂಜೆ ಅರ್ಧಕ್ಕೆ ನಿಂತಿತು. ಪೂಜೆ ಮುಗಿಯದೆ ಹಣ್ಣು ನೀರು ಬಿಟ್ಟು ಬೇರೇನೂ ಮುಟ್ಟುವವರಲ್ಲ. ಸಂಜೆಯೂ ಕುಳಿತರು, ಎದ್ದರು. ‘ಅವನ ಕಡೆಯವರ ಮುಂದೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ತನಕ ಇದು ಸರಿಹೋಗುವುದಿಲ್ಲ’ ಎಂದು ಅವರಿಗೆ ಖಚಿತವಾಯಿತು. ಆದರೆ ಉದಯಗಿರಿಗೆ ಫೋನ್ ಮಾಡಲು ಕೈ ಎತ್ತಿದರೆ ಬೆರಳಿಗೆ ನಾಚಿಕೆ.

ಪ್ರಾಯಶ್ಚಿತ್ತವೆಂದು ತಣ್ಣೀರು ಸ್ನಾನ ಶುರುಮಾಡಿದರು. ಮಳೆ ಹಿಂದೆಗೆದು ಬೆಳಗಿನ ಚಳಿ ಆಗತಾನೆ ಕಚ್ಚಲು ಕಲಿಯುತ್ತಿದ್ದ ದಿನಗಳು. ಮೊದಲ ಚೊಂಬು ನೀರು ಬೆನ್ನಿಗೆ ಬಿದ್ದೊಡನೆ "ಓಂ ನಮಃ ಶಿವಾಯ" ಎಂಬ ಕೂಗು ಎಷ್ಟು ಎತ್ತರಕ್ಕೆ ಏರಿತೆಂದರೆ, ಪಕ್ಕದ ಮನೆಯ ಬೋರಮ್ಮನವರು ಗೋಡೆಯ ಮೇಲಿಂದ ಇಣುಕಿ, "ನಿಮ್ಮೆಜಮಾನ್ರ ಭಕ್ತಿ ಭಕ್ತಿ ಕಣಮ್ಮ, ಕೇಳ್ತಿದ್ರೆ ಮೈ ಜುಂ ಅಂತದೆ" ಎಂದು ಶಾಂತಾದೇವಿಯವರಿಗೆ ಹೇಳಿದರು.

"ಅವರಿಗೂ ಹಂಗೇ ಅಂತಿದೆ ಬುಡಿ" ಎಂದರು ಶಾಂತಾದೇವಿ.

ಮಹಡಿಯ ಮೇಲೆ ಸಂಸಾರ ಹೂಡಿರುವ ಮಗ ವಿಶ್ವನಾಥ್‌ಗೆ ಈ ಕೂಗಿನಿಂದ ನಿದ್ದೆಗೆಟ್ಟಿತು. ಅವನು ಮೊಬೈಲಿನಲ್ಲೇ ಯಾವುದೋ ಕಂಪನಿಯ ರಿಪೇರಿಯವನನ್ನು ಗೊತ್ತುಮಾಡಿದ. ದ್ವಾದಶಿಯ ದಿನ ನಿಶಾಂತ್ ಎಂಬ ಯುವಕ ಬಂದ. ಬೂಟಿಗೆ ನೀಲಿ ಪ್ಲಾಸ್ಟಿಕ್ಕಿನ ಕುಲಾವಿ ತೊಡಿಸಿ ಒಳಗೆ ಕಾಲಿಟ್ಟ. ಗೀಸರಿನ ಮುಂದಿನಿಂದ ಒಂದು ಫೋಟೊ ತೆಗೆದ, ಪಕ್ಕದಿಂದ ಒಂದು ತೆಗೆದ, ಅದರ ಹಣೆಯ ಮೇಲೆ ಅಳಿಸಿಹೋಗದೆ ಉಳಿದಿದ್ದ ವಿಭೂತಿಯ ಗೆರೆ ನೋಡಿ ಇನ್ನೊಂದು ತೆಗೆದ.

"ಅಂಕಲ್, ಈ ಮಾಡೆಲ್‌ಗೆ ಸ್ಪೇರ್ ಬರಲ್ಲ. ಎಕ್ಸ್‌ಚೇಂಜ್ ಮಾಡ್ಬುಡಿ."

"ಮುಚ್ಚಳ ತೆಗೆದು ನೋಡಪ್ಪ ಮೊದಲು."

"ಹಳೇ ಪೀಸ್ ತೆಗೆಯೋಕೆ ನಮಗೆ ಪರ್ಮಿಷನ್ ಇಲ್ಲ ಅಂಕಲ್."

"ಒಳಗೆ ಹಲ್ಲಿ ಇರಬಹುದು."

"ಹಲ್ಲಿಗೂ ಪರ್ಮಿಷನ್ ಇಲ್ಲ."

ಹೊರಡುವಾಗ ಅವನು ಫೋನು ಮುಂದೆ ಹಿಡಿದು ರೇಟಿಂಗ್ ಕೇಳಿದ. "ಎಷ್ಟಕ್ಕೆ?" ಎಂದರು ವಾರ್ಡನ್ನರು. "ಐದಕ್ಕೆ ಅಂಕಲ್." ಸಿದ್ದಮಲ್ಲಪ್ಪನವರು ಕನ್ನಡಕ ಏರಿಸಿ, ನ್ಯಾಯವಾಗಿ ಯೋಚಿಸಿ, ಎರಡು ಕೊಟ್ಟರು. "ಒಂದು, ಹೇಳಿದ ಹೊತ್ತಿಗೆ ಬಂದಿದ್ದಕ್ಕೆ. ಇನ್ನೊಂದು, ಬೂಟಿಗೆ ಟೋಪಿ ಹಾಕಿದ್ದಕ್ಕೆ."

ಅವನು ಗೇಟು ದಾಟುತ್ತಲೇ ಶಾಂತಾದೇವಿಯವರು ಫೋನನ್ನು ತಂದು ಗಂಡನ ಮುಂದೆ ಇಟ್ಟರು. "ಎರಡು ದಿನದಿಂದ ಬಾಳೆಹಣ್ಣು ತಿಂದ್ಕೊಂಡು ಕೂತಿದೀರಿ. ಗೀಸರ್‌ಗೂ ಅದೇ ರೋಗ, ನಿಮಗೂ ಅದೇ ರೋಗ, ಒಳಗೇನೋ ಸಿಕ್ಕಾಕ್ಕೊಂಡಿದೆ. ಆ ಹುಡುಗೀನ ಕರೀರಿ. ಅಂಗಡಿ ಅವಳೇ ನಡೆಸ್ತಾಳಂತೆ, ನಾನು ವಿಚಾರಿಸ್ದೆ."

ಕರೆದರು. ಅನುಪಮಾ ಮೊದಲು ಒಪ್ಪಲಿಲ್ಲ.

"ಹಬ್ಬ ಆದ್ಮೇಲೆ ಬರ್ತೀನಿ ಸಾರ್. ಅಪ್ಪ ಯಾವಾಗ್ಲೂ ಹೇಳ್ತಿದ್ರು, ಬೇರೆ ಮನೆಗೆಲ್ಲಾ ಹಬ್ಬಕ್ಕೆ ಮುಂಚೆ ಹೋಗು, ವಾರ್ಡನ್ ಸಾರ್ ಮನೆಗೆ ಮಾತ್ರ ಆದ್ಮೇಲೆ ಹೋಗು ಅಂತ. ಮುಂಚೆ ಹೋದ್ರೆ ಎರಡು ಸಲ ಹೋಗ್ಬೇಕಾಯ್ತದಂತೆ."

"ಯಾಕಂತೆ?"

"ಕೇಳಿದ್ರೆ ನಗೋರು. ಹೇಳ್ತಿರಲಿಲ್ಲ."

ಬೇರೆ ದಿನವಾಗಿದ್ದರೆ ಸಿದ್ದಮಲ್ಲಪ್ಪನವರಿಗೆ ಇಷ್ಟಕ್ಕೇ ಮೂಗಿನ ತುದಿ ಕೆಂಪಾಗುತ್ತಿತ್ತು. ಆ ದಿನ ಮೆಲ್ಲಗೆ ಹೇಳಿದರು: "ನಾಳೆನೇ ಬಾ ಮಗಳೇ. ಗೀಸರ್ ಹಾಳಾಗಿ ಹೋಗಲಿ. ನಿಮ್ಮಪ್ಪನಿಗೆ ಹೇಳಬೇಕಾದ್ದು ಒಂದಿತ್ತು. ಈಗ ನಿನಗೇ ಹೇಳಬೇಕು."

ತ್ರಯೋದಶಿಯ ಬೆಳಿಗ್ಗೆ ಅನುಪಮಾ ಸ್ಕೂಟರಿನಲ್ಲಿ ಬಂದಳು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಕೂದಲು ಬಿಗಿದು ಕಟ್ಟಿದ ಒಂದು ಗಂಟು, ಹೆಗಲಿಗೆ ಅಪ್ಪನ ಅದೇ ಕಂದು ಚೀಲ. ಐಟಿಐ ಓದಿದವಳು. ಶಾಂತಾದೇವಿಯವರನ್ನು ನೋಡಿ, "ಅಮ್ಮ, ಸ್ಟೂಲ್ ಇದ್ರೆ ಕೊಡಿ. ಅಪ್ಪನ ಎತ್ತರ ನಂಗೆ ಬರಲಿಲ್ಲ" ಎಂದಳು.

ಸಿದ್ದಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ ಅನುಪಮಾ, ಹೋದ ವರ್ಷ ನಾನು ನಿಮ್ಮಪ್ಪನಿಗೆ..."

"ಒಂದ್ನಿಮಿಷ ಸಾರ್. ಈ ಕಿಂಡಿ ಯಾರು ಮುಚ್ಚಿದ್ದು?"

ಬಚ್ಚಲಿನ ಗೋಡೆಯ ಮೇಲ್ಭಾಗದ ಗಾಳಿಕಿಂಡಿಗೆ ಮಠದ ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು. ಚಳಿಗಾಲ ಬಂತೆಂದರೆ ಸಿದ್ದಮಲ್ಲಪ್ಪನವರು ಮಾಡುವ ಮೊದಲ ಕೆಲಸ ಅದು. "ಗಾಳಿ ಬರ್ತದೆ ಅಂತ ನಾನೇ ಅಂಟಿಸ್ತೀನಿ. ಆದರೆ ನಿಲ್ಲಲ್ಲ. ಪ್ರತಿ ವರ್ಷ ಯಾವುದೋ ಕಾಗೆ ಬಂದು ಹರಿದುಹಾಕುತ್ತೆ."

"ಗಾಳಿ ಬರ್ಲಿ ಅಂತಾನೇ ಸಾರ್ ಕಿಂಡಿ ಇರೋದು!" ಅವಳು ಸ್ಟೂಲು ಹತ್ತಿ ಹಾಳೆಯನ್ನು ಕಿತ್ತು, ಅದರಲ್ಲಿದ್ದ ಗುರುಗಳ ಚಿತ್ರಕ್ಕೆ ಮಡಿಕೆ ಬೀಳದಂತೆ ಸುತ್ತಿ ಶಾಂತಾದೇವಿಯವರ ಕೈಗೆ ಕೊಟ್ಟಳು. "ಬಾಗಿಲು ಹಾಕಿ, ಕಿಂಡೀನೂ ಮುಚ್ಚಿ, ಗ್ಯಾಸ್ ಉರಿಸಿದ್ರೆ ಒಳಗಿನ ಗಾಳಿ ಕೆಡ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದಂಗೆ ಬಂದು ಕರ್ಕೊಂಡೋಗ್ಬುಡ್ತದೆ ಸಾರ್."

ಶಾಂತಾದೇವಿಯವರು ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

"ನಾನು ಹೇಳ್ತಾ ಇದ್ದದ್ದು," ಸಿದ್ದಮಲ್ಲಪ್ಪನವರು ಮತ್ತೆ ಶುರುಮಾಡಿದರು, "ನಿಮ್ಮಪ್ಪ ಬಹಳ..."

"ಹಳೇ ಬ್ರಷ್ ಇದ್ರೆ ಕೊಡಿ ಸಾರ್, ಹಲ್ಲುಜ್ಜೋದು. ಅಪ್ಪಂದು ಸವೆದೋಗಿದೆ."

ಬ್ರಷ್ಷು ಬಂತು. ಅವಳು ಮುಚ್ಚಳದ ತಿರುಪಿಗೆ ಕೈಹಾಕಿದವಳು ನಿಲ್ಲಿಸಿದಳು. "ಸಾರ್, ನೀವು ಒಸಿ ಆಚೆ ನಿಂತ್ಕೊಳಿ. ನಿಮ್ಮ ಎದುರಿಗೆ ಮುಚ್ಚಳ ತೆಗೀಬಾರ್ದು ಅಂತ ಅಪ್ಪ ಹೇಳಿದ್ರು."

ವಾರ್ಡನ್ನರ ಒಳಗಿನ ಹಳೆಯ ಬೆಂಕಿ ಒಮ್ಮೆ ಭಗ್ಗೆಂದಿತು. "ಮೂವತ್ತೆರಡು ವರ್ಷ ಹುಡುಗರ ಟ್ರಂಕ್ ನನ್ನ ಕಣ್ಣೆದುರಿಗೇ ತೆಗೆಸಿದೀನಿ. ತೆಗಿಯಮ್ಮ!"

ನಾಲ್ಕು ತಿರುಪು ಬಿಚ್ಚಿ ಅವಳು ಮುಚ್ಚಳವನ್ನು ಎಳೆದಳು. ಬರ್ನರಿನ ಸಾಲುಗಳ ಮೇಲಿಂದ ಕಂದು ಬಣ್ಣದ ಒಣಗಿದ ಎಸಳುಗಳು ಉದುರಿ ಸಿದ್ದಮಲ್ಲಪ್ಪನವರ ಪಾದದ ಮೇಲೆ ಬಿದ್ದವು. ಅವರು ಬಗ್ಗಿ ಎತ್ತಿಕೊಂಡರು. ಚೆಂಡುಹೂವು. ಕಳೆದ ಹಬ್ಬದ ಹಾರದಿಂದ ತಡವಾಗಿ ಉದುರಿ ಒಳಗೆ ಉಳಿದದ್ದು.

"ಇದು ಹೆಂಗೆ ಇಲ್ಲಿ?" ಎಂದಳು ಅನುಪಮಾ. ಗೀಸರಿನ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸೀಳುಗಳಿದ್ದವು. ಅವುಗಳೊಳಗೆ ಬೆರಳಾಡಿಸಿದಳು, ಬಿಳೀ ಪುಡಿ ಹತ್ತಿತು. ಮೂಸಿದಳು. "ವಿಭೂತಿ?"

ಅಷ್ಟರಲ್ಲಿ ಅವಳ ಕಣ್ಣು ಮುಚ್ಚಳದ ಒಳಮೈಗೆ ಹೋಯಿತು. ರಿಪೇರಿಯವರು ಸರ್ವಿಸ್ ಮಾಡಿದ ದಿನವನ್ನು ಅಲ್ಲಿ ಬರೆದಿಡುವುದು ವಾಡಿಕೆ. ಸಣ್ಣಮಾದಯ್ಯ ದಿನದ ಜೊತೆ ಕಾರಣವನ್ನೂ ಬರೆದಿದ್ದ, ಕಪ್ಪು ಮಾರ್ಕರಿನಲ್ಲಿ, ದುಂಡಗಿನ ಅಕ್ಷರಗಳಲ್ಲಿ. ಸಿದ್ದಮಲ್ಲಪ್ಪನವರು ಕನ್ನಡಕ ಒರೆಸಿ, ಪರೀಕ್ಷೆಯ ಉತ್ತರಪತ್ರಿಕೆ ಓದುವವರಂತೆ ಗಟ್ಟಿಯಾಗಿ ಓದಿದರು.

"2013. ವಿಭೂತಿ, ತೂತೆಲ್ಲ ಗಟ್ಟಿ. 2014. ಹೂ, ಹಾಗಲ ಎಲೆ. ಕಿಂಡಿಗೆ ಕ್ಯಾಲೆಂಡರ್, ಹರಿದೆ." ಅವರು ತಲೆ ಎತ್ತಿದರು. "ಕಾಗೆ ಇವನೇನಾ?"

"ಓದಿ ಸಾರ್" ಎಂದಳು ಅನುಪಮಾ. ಅವಳ ದನಿ ಬದಲಾಗಿತ್ತು.

"2016. ಕರ್ಪೂರ ಒಳಗೆ ಬಿದ್ದಿದೆ. ದೇವರು ದೊಡ್ಡವನು. 2017. ಹಾಗಲಕಾಯಿ ಒಂದು, ಬೆಂದಿದೆ."

ಶಾಂತಾದೇವಿಯವರಿಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗಿಟ್ಟು ನಕ್ಕರು. ಅನುಪಮಾ ನಕ್ಕಳು, ನಗುತ್ತಲೇ ಮೂಗೊರೆಸಿಕೊಂಡಳು. ಸಿದ್ದಮಲ್ಲಪ್ಪನವರು ಮಾತ್ರ ನಗದೆ ಓದಿದರು.

"2020. ಕೊರೊನಾ. ಮಾಸ್ಕ್ ಹಾಕಿಕೊಂಡು ಬಂದೆ. ಹೂ ಅದೇ. 2022. ಹಾರ ಈ ಸಲ ಮೂರು ಮೊಳ. 2023. ಹೂ. ಒಂದು ನಿಜವಾದ ಹಲ್ಲಿ."

ಕೊನೆಯ ಸಾಲು ಹೋದ ವರ್ಷದ್ದು. ಅದನ್ನು ಅವರು ಗಟ್ಟಿಯಾಗಿ ಓದಲಾರದೆ ಹೋದರು. ಅನುಪಮಾ ಬಗ್ಗಿ ಓದಿದಳು: "2024. ಚೆಂಡುಹೂ. ಯಜಮಾನರು ಮೊದಲೇ ಸಿಟ್ಟಲ್ಲಿದ್ದಾರೆ, ಬೈತಾರೆ. ಉರಿ ನೀಲಿ ಬಂತು."

ಬೈಯುವ ಮೊದಲೇ, ಬಾಗಿಲು ಹಾಕಿಕೊಂಡ ಹತ್ತು ನಿಮಿಷದಲ್ಲಿ ಬರೆದಿಟ್ಟದ್ದು. ಗೊತ್ತಿದ್ದೇ ಹೊರಗೆ ಬಂದು ಬೈಸಿಕೊಂಡಿದ್ದ.

"ಹದಿಮೂರು ವರ್ಷ!" ಎಂದರು ಸಿದ್ದಮಲ್ಲಪ್ಪನವರು. "ಯಜಮಾನ್ರೇ, ಹೂ ಹಾಕಬೇಡಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ. ಯಾಕೆ ಹೇಳಲಿಲ್ಲ ಅವನು?"

"ಇಲ್ಲಿದೆ ನೋಡಿ ಸಾರ್, ಎಲ್ಲಕ್ಕಿಂತ ಮೇಲೆ. ಮಸಿ ಹಿಡಿದಿದೆ." ಅನುಪಮಾ ಬೆರಳಿನಿಂದ ಒರೆಸಿದಳು. ಮೊದಲ ವರ್ಷದ ಸಾಲು ಮೇಲೆದ್ದಿತು: "2012. ಚೆಂಡುಹೂ. ನಾನೇ ಹೇಳಿದ್ದು."

ಸಿದ್ದಮಲ್ಲಪ್ಪನವರು ಬಚ್ಚಲಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆ ದಿನ ಅವರಿಗೆ ಈಗ ನೆನಪಾಯಿತು. ಹಂಡೆಯನ್ನು ಕಿತ್ತ ದಿನ. ಸಣ್ಣಮಾದಯ್ಯ ಅದನ್ನು ಹೆಗಲಿಗೇರಿಸಲು ಹೊರಟಾಗ ತಾವು ಇದೇ ಕಟ್ಟೆಯ ಮೇಲೆ ಕೂತು, "ನಮ್ಮಮ್ಮನ ಪೂಜೆ ನಿಂತುಹೋಯ್ತಲ್ಲೋ" ಎಂದಿದ್ದರು. ಅರವತ್ತು ದಾಟಿದ ಗಂಡಸು ಅಳಬಾರದೆಂದು ಗೋಡೆಯ ಕಡೆ ತಿರುಗಿಕೊಂಡಿದ್ದರು. ಆಗ ಅವನು ಹಂಡೆಯನ್ನು ಇಳಿಸಿ ಹೇಳಿದ್ದ: "ಯಾಕ್ ನಿಲ್ತದೆ ಯಜಮಾನ್ರೇ? ನೀರು ಕಾಯ್ಸೋದು ಯಾವುದೋ ಅದೇ ಹಂಡೆ. ಇನ್ಮೇಲೆ ಇದಕ್ಕೇ ಪೂಜೆ ಮಾಡಿ. ನಮ್ಮ ಕಡೆಯಿಂದ ಅಡ್ಡಿ ಇಲ್ಲ."

ಅಳುವವರನ್ನು ಸಮಾಧಾನ ಮಾಡಲು ಆಡಿದ ಮಾತು. ಅದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಇವರ ತಾಯಿಯ ಪೂಜೆ ಎರಡನೇ ಸಲ ನಿಲ್ಲುತ್ತಿತ್ತು. ಅದರ ಬದಲು ವರ್ಷಕ್ಕೆ ಎರಡನೇ ಸಲ ತಾನೇ ಬಂದು, ಬಾಗಿಲು ಹಾಕಿಕೊಂಡು, ಹೂ ಆರಿಸಿ, ಹಲ್ಲಿಯ ಮೇಲೆ ಹೇಳಿ ಹೋಗುತ್ತಿದ್ದ.

"ನಮ್ಮನೇಲಿ ಬುದ್ಧರ ಫೋಟೊ ಒಂದೇ ಸಾರ್" ಎಂದಳು ಅನುಪಮಾ. "ಅಪ್ಪ ಪೂಜೆ ಗೀಜೆ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದ್ರೂ ಹಬ್ಬದ ದಿನ ಸಾಯಂಕಾಲ ಮಾತ್ರ ಗಡಿಯಾರ ನೋಡಿ, ಈಗ ಸಿದ್ದಮಲ್ಲಪ್ಪನೋರು ಹಾರ ಹಾಕ್ತಿರ್ತಾರೆ ಅನ್ನೋರು. ಯಾವುದೋ ದೇವ್ರಿಗೆ ಅಂದ್ಕೊಂಡಿದ್ದೆ."

ಸಿದ್ದಮಲ್ಲಪ್ಪನವರು ಎದ್ದು ನಿಂತರು. ಮೂರು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತಿಗೆ ಆದಿ ಮಧ್ಯ ಅಂತ್ಯವೆಲ್ಲ ಇದ್ದವು. ಈಗ ಒಂದೂ ನೆನಪಾಗಲಿಲ್ಲ.

"ನಿಮ್ಮಪ್ಪನ ಕೈಯಲ್ಲಿ ಮೋಸ ಇದೆ ಅಂದಿದ್ದೆ ಮಗಳೇ. ತಪ್ಪಾಯ್ತು."

ಹೆಂಡತಿಯ ಎದುರಿಗೇ ಅಂದರು. ಶಾಂತಾದೇವಿಯವರು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು.

ಅನುಪಮಾ ಬ್ರಷ್ಷಿನ ಎಳೆಗಳನ್ನು ಸವರಿದಳು. "ಅಪ್ಪ ಅದನ್ನ ಮನೇಲಿ ಹೇಳಿರಲಿಲ್ಲ ಸಾರ್. ನಂಗೆ ಹೇಳಿದ್ದು ಕಾಫಿ ವಿಷಯ. ಅಮ್ಮನೋರು ಕೊಟ್ಟ ಕಾಫಿ ಬುಟ್ಟು ಬಂದ್ಬುಟ್ಟೆ, ತಪ್ಪು ಮಾಡ್ದೆ ಅಂತ ಎರಡು ದಿನ ಹಲುಬಿದ್ರು." ಚೀಲದಿಂದ ಮಾರ್ಕರ್ ತೆಗೆದು ಅವರ ಮುಂದೆ ಹಿಡಿದಳು. "ಈ ವರ್ಷದ್ದು ನೀವೇ ಬರೀರಿ. ಜಾಗ ಇದೆ."

ಸಿದ್ದಮಲ್ಲಪ್ಪನವರು ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು, ಹುಡುಗರ ನಡತೆಪತ್ರ ಬರೆಯುತ್ತಿದ್ದ ಅದೇ ಅಕ್ಷರಗಳಲ್ಲಿ ಬರೆದರು: "2025. ಹೂ ಇಲ್ಲ. ಸಣ್ಣಮಾದಯ್ಯಾ, ತಪ್ಪು ನನ್ನದು." ಕೆಳಗೆ ಪೂರ್ಣ ರುಜು ಹಾಕಿದರು.

ಅನುಪಮಾ ಬರ್ನರು ಉಜ್ಜಿದಳು, ಉಪ್ಪು ಬಸಿದಳು, ನೀರಿನ ಒತ್ತಡಕ್ಕೆ ಸೋತು ಸುಕ್ಕುಗಟ್ಟಿದ್ದ ರಬ್ಬರಿನ ಬಿಲ್ಲೆ ಬದಲಾಯಿಸಿದಳು, ಟ್ಯೂಬಿಗೆ ನೊರೆ ಹಚ್ಚಿ ಹುಬ್ಬಿಗೆ ಕೈಯಿಟ್ಟು ನೋಡಿದಳು. ಮುಚ್ಚಳ ಕೂಡಿತು, ನಾಲ್ಕು ತಿರುಪು ಬಿಗಿಯಾಯಿತು. ನಲ್ಲಿ ತಿರುಗಿಸಿದಳು. ಟಿಕ್ ಎಂದಿತು, ಇನ್ನೊಂದು ಟಿಕ್ಕಿಗೆ ಅವಕಾಶ ಕೊಡದೆ ಹತ್ತಿಕೊಂಡಿತು.

"ಸಾರ್, ಉರಿ ನೋಡಿ" ಎಂದಳು. "ನೀಲಿ ಬಂತು."

ಅದೇ ಮುಖ.

ಆಮೇಲೆ ಅಟ್ಟದಿಂದ ಹಂಡೆಯನ್ನು ಇಳಿಸುವ ಕೆಲಸವಾಯಿತು. ಅದರೊಳಗೆ ಹದಿಮೂರು ವರ್ಷಗಳಿಂದ ಶಾಂತಾದೇವಿಯವರು ಕೂಡಿಟ್ಟಿದ್ದ ಸಾಮಾನು ಹೊರಬರುತ್ತ ಹೋಯಿತು: ಖಾಲಿ ಹಾರ್ಲಿಕ್ಸ್ ಶೀಶೆಗಳು, ಮೊಮ್ಮಗಳು ಲಾಸ್ಯಳ ತೊಟ್ಟಿಲ ಹಗ್ಗ, ಯಾವ ಬೀಗಕ್ಕೂ ಸೇರದ ಬೀಗದ ಕೈಗಳು, ಕದ್ದನೆಂದು ಸಿದ್ದಮಲ್ಲಪ್ಪನವರು ಮೂರು ತಿಂಗಳು ಹಾಲಿನವನ ಮೇಲೆ ಗುಮಾನಿಪಟ್ಟಿದ್ದ ಹಿತ್ತಾಳೆ ಚೊಂಬು.

"ನಾಳೆ ಹಾಲಿನೋನ ಹತ್ರನೂ ಹೇಳ್ಬುಡಿ, ಅಭ್ಯಾಸ ಆಗಿದೆಯಲ್ಲ" ಎಂದರು ಶಾಂತಾದೇವಿ. ಅನುಪಮಾ ಕಟ್ಟೆಯ ಮೇಲೆ ಕುಳಿತು ಕಾಫಿ ಕುಡಿದಳು. ಲೋಟವನ್ನು ತಿರುಗಿಸಿ ತಿರುಗಿಸಿ, ಕೊನೆಯ ಗುಟುಕಿನ ತನಕ.

ಅವಳು ಹೊರಡುವಾಗ ಸಿದ್ದಮಲ್ಲಪ್ಪನವರು ಗೇಟಿನ ತನಕ ಹೋಗಿ, ಹೇಳಲೋ ಬೇಡವೋ ಎಂದು ಹಿಂಜರಿದು, ಕೇಳಿದರು: "ಈ ಸಂಜೆ ಪೂಜೆಯಲ್ಲಿ ನಿಮ್ಮಪ್ಪನ ಹೆಸರು ಹಿಡಿದು ಶಿವನಲ್ಲಿ ಬೇಡ್ಕೊಂಡ್ರೆ, ನಿಮ್ಮ ಮನೆಯವರಿಗೆ ಬೇಸರ ಆಗಲ್ಲ ತಾನೇ?"

"ನಿಮ್ಮ ಬೈಗುಳಕ್ಕೇ ಬೇಸರ ಆಗ್ದೆ ಇದ್ದೋರು ಸಾರ್ ಅವರು. ಪ್ರಾರ್ಥನೆಗೆ ಆಯ್ತದಾ?" ಅವಳು ಸ್ಕೂಟರು ಒದ್ದಳು. "ಮುಂದಿನ ವರ್ಷ ಹಬ್ಬಕ್ಕೆ ಮುಂಚೆನೇ ಬರ್ತೀನಿ. ಒಂದೇ ಸಲ."

ಸಂಜೆ ಬಚ್ಚಲಿನ ಮೂಲೆಯಲ್ಲಿ ಹಂಡೆ ಹೊಳೆಯುತ್ತಿತ್ತು. ಮೂರೆಳೆ ವಿಭೂತಿ, ಹಾಗಲ ಬಳ್ಳಿ, ಚೆಂಡುಹೂವಿನ ಹಾರ, ಎಲ್ಲ ಅದಕ್ಕೇ. ಮೇಲೆ ಬರಿಮೈಯಲ್ಲಿ ನಿಂತಿದ್ದ ಗೀಸರಿನಿಂದ ಬಿಸಿನೀರು ಹಿಡಿದು ಬಿಂದಿಗೆಯಲ್ಲಿ ಹಂಡೆಗೆ ತುಂಬಿದರು. ತೆರೆದ ಗಾಳಿಕಿಂಡಿಯಿಂದ ಚಳಿ ಸಣ್ಣಗೆ ಬಂದು ಆರತಿಯ ಕುಡಿಯನ್ನು ಅಲುಗಿಸಿತು. ಅವರು ಅದನ್ನು ಮುಚ್ಚಲು ಹೋಗಲಿಲ್ಲ. ಬಿಸಿನೀರಿನಲ್ಲಿ ಮಿಂದು ಬಂದು ಸಿದ್ದಮಲ್ಲಪ್ಪನವರು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತರು. ದೃಷ್ಟಿ ನಿಂತಿತು. ಸಣ್ಣಮಾದಯ್ಯನ ಮುಖ ಈಗಲೂ ಬಂತು, ಆದರೆ ಏನೂ ಕೇಳಲಿಲ್ಲ. ಅದನ್ನು ದೂರ ಸರಿಸದೆ ಅವರು ಮೆಲ್ಲಗೆ ಬೇಡಿಕೊಂಡರು:

"ಶಿವನೇ, ನಿನಗೆ ಏರಿಸಿದ ಹೂವನ್ನು ಹದಿಮೂರು ವರ್ಷ ಸದ್ದಿಲ್ಲದೆ ಆರಿಸಿದ ಕೈ ಅವನದು. ನನ್ನ ಮಾತಿನ ಮಸಿ ಅವನಿಗೆ ಅಂಟದಿರಲಿ. ಊರಿನವರ ಮೈ ಬೆಚ್ಚಗಿಟ್ಟವನನ್ನು ನೀನು ಬೆಚ್ಚಗಿಟ್ಟುಕೋ. ನಿನ್ನ ಮನೆಯಲ್ಲಿ ಅವನನ್ನು ಯಾರೂ ಎರಡನೇ ಸಲ ಕರೆಯದಿರಲಿ. ನಮ್ಮ ಸಣ್ಣಮಾದಯ್ಯ ನೆಮ್ಮದಿಯಾಗಿ ಇರಲಿ ತಂದೆ."